ಹಸು ನೆಕ್ಕುತ್ತಿದ್ದ ಕಾರು

ತುಕ್ಕು ಕಂಡರೆ ನನ್ನ ಉಗುರು ಸುಮ್ಮನಿರುವುದಿಲ್ಲ. ಯಾರ ಮನೆಗೆ ಹೋದರೂ ಗೇಟಿನ ಹತ್ತಿರ ನಿಂತು, ಬಣ್ಣ ಉಬ್ಬಿದ ಕಡೆ ಒಂದಿಷ್ಟು ಕೆರೆದು, ಒಳಗೆ ಕಬ್ಬಿಣ ಇನ್ನೆಷ್ಟು ಉಳಿದಿದೆ ಎಂದು ನೋಡಿಕೊಂಡೇ ಮುಂದಕ್ಕೆ ಹೋಗುವುದು. ಮೊನ್ನೆ ಎದುರುಮನೆಯವರ ಕಾರಿನ ಬಾಗಿಲ ಕೆಳಗೆ ಬೆರಳಾಡಿಸುತ್ತಿದ್ದಾಗ ಆ ಮನೆಯಾಕೆ ಬಂದು, ಏನಾದರೂ ಬಿದ್ದುಹೋಯಿತೇ ಎಂದು ಕೇಳಿದಳು. ಬಳೆ ಎಂದುಬಿಟ್ಟೆ. ಬಳೆಗಳೆಲ್ಲ ಕೈಯಲ್ಲೇ ಇದ್ದವು. ಪಾಪ, ಅವಳೂ ಬಗ್ಗಿ ಹುಡುಕತೊಡಗಿದಳು. ಈ ವಯಸ್ಸಿನಲ್ಲೂ ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ನೋಡಿ.

ಸುಳ್ಳು, ತುಕ್ಕು ಎರಡೂ ಒಟ್ಟಿಗೆ ಬಂದಮೇಲೆ ಭೀಮನಬೀಡಿನ ಕಾರಿನ ಕಥೆ ಹೇಳದೆ ವಿಧಿಯಿಲ್ಲ.

ಐವತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆ ಹತ್ತಿರದ ಆ ಊರಿಗೆ ಸೊಸೆಯಾಗಿ ಬಂದಾಗ ನನಗೆ ಹತ್ತೊಂಬತ್ತು. ಹುಟ್ಟಿ ಬೆಳೆದದ್ದೆಲ್ಲ ಚಾಮರಾಜನಗರದಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಮೈಸೂರಿನಿಂದ ಬಂದ ರೈಲಿಗೆ ನಮ್ಮೂರೇ ಕೊನೆ; ಅಲ್ಲಿಂದ ಮುಂದಕ್ಕೆ ಕಂಬಿ ಇರಲಿಲ್ಲ. ಎಂಜಿನ್ನು ನೀರು ಕುಡಿದು, ಉಸ್ಸೆಂದು ಉಗಿ ಬಿಟ್ಟು, ವಾಪಸು ಹೊರಡುವುದನ್ನು ಬೇಲಿ ಹಿಡಿದು ನೋಡದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಈ ಹುಡುಗಿಯ ಕಾಲಲ್ಲಿ ಚಕ್ರ ಇದೆ ಎಂದು ಅಮ್ಮ ಬೈಯುತ್ತಿದ್ದಳು. ಅಪ್ಪ ಮೇಷ್ಟ್ರು. ಔಷಧಿ ಬಾಟಲಿ, ಬಿಸ್ಕತ್ತಿನ ಡಬ್ಬ, ಏನು ಸಿಕ್ಕರೂ ಅದರ ಮೇಲಿನ ಇಂಗ್ಲಿಷನ್ನು ನನ್ನ ಕೈಯಲ್ಲಿ ಓದಿಸುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ ವರ್ಷವೇ ತೀರಿಕೊಂಡರು. ಮರುವರ್ಷ ನನ್ನ ಮದುವೆಯಾಯಿತು.

ಗಂಡನ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ, ನಡೆಯುವುದಕ್ಕೆ ದಾರಿಯೊಂದನ್ನು ಬಿಟ್ಟು. ಅಡುಗೆಮನೆಯಿಂದ ಹಿತ್ತಿಲು, ಹಿತ್ತಿಲಿನಿಂದ ಅಡುಗೆಮನೆ. ರೊಟ್ಟಿ ಬೇಯುವಷ್ಟು ಹೊತ್ತೂ ನಾನು ಒಂದು ಕಡೆ ನಿಲ್ಲುತ್ತಿರಲಿಲ್ಲ. ಅತ್ತೆ ಗೌರಮ್ಮಣ್ಣಿ ಒಳ್ಳೆಯ ಹೆಂಗಸು. ಗೂಟಕ್ಕೆ ಕಟ್ಟಿದ ಕರು ಸುತ್ತಿದ ಹಾಗೆ ಸುತ್ತುತ್ತೀಯಲ್ಲ ಎಂದು ನಗುತ್ತಿದ್ದರು. ಆದರೆ ತವರಿಗೆ ಹೋಗಬೇಕೆಂದರೆ ಸೊಸೆಯಾದವಳಿಗೆ ಒಂದು ಕಾರಣ ಬೇಕು: ಹಬ್ಬವೋ, ಬಸಿರೋ, ಸಾವೋ. ನನಗೆ ಮೂರರಲ್ಲಿ ಒಂದೂ ಇರಲಿಲ್ಲ. ಸುಮ್ಮನೆ ಹೋಗಬೇಕು ಅನಿಸುತ್ತಿತ್ತು. ಸುಮ್ಮನೆ ಅನಿಸುವುದನ್ನು ಯಾರ ಹತ್ತಿರ ಹೇಳುವುದು?

ಹೀಗಿರುವಾಗ ಮಾವ ಗುರುಮಲ್ಲಪ್ಪನವರು ಗೂಡಲೂರಿನ ಕಡೆಗೆ ಹೋದವರು ಬಸ್ಸಿನಲ್ಲಿ ಬರುವ ಬದಲು ಕಾರಿನಲ್ಲಿ ಬಂದಿಳಿದರು. ಅಲ್ಲಿ ಟೀ ತೋಟ ಇಟ್ಟುಕೊಂಡಿದ್ದ ಬಿಳಿಯ ದೊರೆಯೊಬ್ಬ ಎಲ್ಲ ಮಾರಿ ತನ್ನ ದೇಶಕ್ಕೆ ಹೊರಟಿದ್ದನಂತೆ. ಹಾಗಲಕಾಯಿ ಬಣ್ಣದ ಕಾರು. ಮೊದಲು ಅವನ ದೇಶದಲ್ಲೇ ಕೆಲವು ವರ್ಷ ಓಡಿ, ಆಮೇಲೆ ಹಡಗಿನಲ್ಲಿ ಬಂದದ್ದು. ನಡೆಸಿಕೊಂಡು ಬಂದವನು ಗುಂಡ್ಲುಪೇಟೆಯಲ್ಲಿ ಬಸ್ಸು ಲಾರಿ ರಿಪೇರಿ ಮಾಡುತ್ತಿದ್ದ ಕುಟ್ಟಿ ಮೇಸ್ತ್ರಿ, ವಯನಾಡಿನವನು. ನಮ್ಮ ಯಜಮಾನರು ಅವನ ಹತ್ತಿರ ಬೀಳು ಹೊಲದಲ್ಲಿ ಹತ್ತು ದಿನ ಕಲಿತು, ಎರಡು ಬೇಲಿ ಮುರಿದು, ಡ್ರೈವರ್ ಆದರು.

ಕಾರಿನ ಜೊತೆಗೆ ದೊರೆ ಒಂದು ಪುಸ್ತಕವನ್ನೂ ಕೊಟ್ಟಿದ್ದ. ಕಾರನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಪುಸ್ತಕ. ಇದನ್ನು ಓದದೆ ಇರಬೇಡ ಎಂದು ಮಾವನ ಕೈಹಿಡಿದು ಹೇಳಿದನಂತೆ. ಪುಸ್ತಕ ಇಂಗ್ಲಿಷು. ಆ ಮನೆಯಲ್ಲಿ ಇಂಗ್ಲಿಷು ಬರುತ್ತಿದ್ದವಳು ನಾನೊಬ್ಬಳೇ.

ಆಗ ನಮ್ಮಲ್ಲಿ ಮಾವ ಸೊಸೆ ಎದುರುಬದುರು ನಿಂತು ಮಾತಾಡುವ ಹಾಗಿರಲಿಲ್ಲ. ಮಾವ ಪಡಸಾಲೆಯಲ್ಲಿ ಕೂರುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ. ಅತ್ತೆ ಹೊಸಿಲ ಮೇಲೆ. ಮಾವ ಕೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಅತ್ತೆ ಅದನ್ನು ನನಗೆ ದಾಟಿಸಬೇಕು, ನನ್ನ ಉತ್ತರವನ್ನು ಅವರಿಗೆ ದಾಟಿಸಬೇಕು. ಕಾರಿನ ಗೇರು ಬ್ರೇಕುಗಳೆಲ್ಲ ಹೀಗೆ ಅತ್ತೆಯ ಬಾಯಿಂದ ಹಾದು ಹೋಗುವಾಗ ಏನೇನೋ ಆಗುತ್ತಿದ್ದವು.

ಚಳಿಗಾಲದ ಅಧ್ಯಾಯಕ್ಕೆ ಬಂದೆವು. ಹಿಮ ಬಿದ್ದಾಗ ಕಾರು ತುಕ್ಕು ಹಿಡಿಯದಂತೆ ಕಾಪಾಡುವುದು ಹೇಗೆ ಎಂದು ಅದರಲ್ಲಿತ್ತು. ಹಿಮ ಅಂದರೇನು ಎಂದು ಮಾವ ಅತ್ತೆಯ ಮೂಲಕ ಕೇಳಿಸಿದರು. ನಾನೇನು ಕಂಡಿದ್ದೆನೇ? ಮಂಜು ಗಟ್ಟಿಯಾಗಿ ಸುಣ್ಣದ ಪುಡಿ ಉದುರಿದ ಹಾಗೆ ಉದುರುತ್ತದೆ ಎಂದೆ. ಮಾವ ಎದ್ದು ಜಗಲಿಗೆ ಹೋಗಿ ದೂರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ನೋಡಿ ಬಂದರು.

"ಬೆಳಗಾನ ಬೆಟ್ಟದ ಮ್ಯಾಲೆ ಕವುಕೊಂಡಿರ್ತದಲ್ಲ, ಅದೇ ಕಣ. ಹಿಮವದ್ ಅಂತ ಹೆಸರೇ ಅದೆ" ಎಂದರು.

ಅಲ್ಲಿಗೆ ಪುಸ್ತಕದ ಚಳಿಗಾಲ ನಮ್ಮೂರಿಗೂ ಅನ್ವಯಿಸಿತು. ಮುಂದೆ ಓದಿದೆ: ಆ ದೇಶಗಳಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಉಪ್ಪುನೀರು ಕಾರಿನ ತಳಕ್ಕೆ ಸಿಡಿದು ಕಬ್ಬಿಣವನ್ನು ತಿನ್ನುತ್ತದೆ. ಅತ್ತೆಗೆ ಇದನ್ನು ದಾಟಿಸುವುದಕ್ಕೇ ಆಗಲಿಲ್ಲ. ಕೈಜಾರಿ ನಾಲ್ಕು ಹರಳು ಉಪ್ಪು ಬಿದ್ದರೆ ಬೆರಳು ಒದ್ದೆ ಮಾಡಿಕೊಂಡು ಒಂದೊಂದನ್ನೇ ಎತ್ತಿಡುವವರು ಅವರು. ಉಪ್ಪನ್ನು ತುಳಿಯುತ್ತಾರೆಯೇ, ಅಂಥವರು ನಮ್ಮನ್ನು ಹೇಗೆ ಅಷ್ಟು ಕಾಲ ಆಳಿದರು ಎಂದು ಕೆನ್ನೆಗೆ ಕೈ ಹಚ್ಚಿದರು. ಮಾವ ಮಾತ್ರ ಯೋಚನೆಗೆ ಬಿದ್ದರು. ಕಲ್ಲಿಕೋಟೆ ಕಡೆಯಿಂದ ಉಪ್ಪು, ಒಣಮೀನು ಹೊತ್ತ ಲಾರಿಗಳು ಗುಂಡ್ಲುಪೇಟೆಯ ಮೇಲೆಯೇ ಹೋಗುತ್ತಿದ್ದವು. ಅವುಗಳಿಂದ ದಾರಿಯುದ್ದಕ್ಕೂ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಅಂದರೆ ನಮ್ಮ ರಸ್ತೆಗೂ ಉಪ್ಪು ಬಿದ್ದ ಹಾಗೇ ಆಯಿತಲ್ಲ!

ಆ ದಿನದಿಂದ ಕಾರು ಗುಂಡ್ಲುಪೇಟೆಗೆ ಹೋಗಿ ಬಂದಾಗಲೆಲ್ಲ ಮಾವ ಪಂಚೆ ಎತ್ತಿ ಕಟ್ಟಿ ಬಾವಿಯಿಂದ ನೀರು ಸೇದಿ ಅದರ ತಳ ತೊಳೆಯುತ್ತಿದ್ದರು. ಹಳೇ ಪಂಚೆಯಲ್ಲಿ ಒರೆಸಿ, ಎಣ್ಣೆ ಹಚ್ಚಬೇಕೆಂದು ಪುಸ್ತಕದಲ್ಲಿದ್ದುದರಿಂದ ಹೊಂಗೆ ಎಣ್ಣೆ ಹಚ್ಚುತ್ತಿದ್ದರು. ಹೊಂಗೆಯ ಮೇಲೆ ದಾರಿಯ ಧೂಳು ಕೂತು, ಅದರ ಮೇಲೆ ಮತ್ತೆ ಹೊಂಗೆ ಕೂತು, ಒಂದೆರಡು ತಿಂಗಳಲ್ಲಿ ಕಾರಿನ ಹೊಟ್ಟೆ ಕೆಸರಿನಿಂದ ಎದ್ದ ಎಮ್ಮೆಯ ಹೊಟ್ಟೆಯ ಹಾಗಾಯಿತು. ಒಳಗೆ ಕಬ್ಬಿಣವಿದೆಯೋ ಇಲ್ಲವೋ ಶಿವನಿಗೇ ಗೊತ್ತು. ಆದರೆ ಮಾವನ ನಿಷ್ಠೆಯನ್ನು ನೀವು ನೋಡಬೇಕಿತ್ತು. ಲಿಂಗಪೂಜೆಗೆ ಕೂತಷ್ಟೇ ಶ್ರದ್ಧೆ.

ಆ ಶ್ರದ್ಧೆ ಕಂಡೇ ನನಗೆ ಕೆಟ್ಟ ಬುದ್ಧಿ ಹುಟ್ಟಿತು. ಒಂದು ಮಧ್ಯಾಹ್ನ, ಪುಟ ತಿರುವುತ್ತ, ಅಲ್ಲಿ ಇಲ್ಲದ ಒಂದು ಸಾಲನ್ನು ಓದಿಬಿಟ್ಟೆ: ಹದಿನೈದು ದಿನಕ್ಕೊಮ್ಮೆ ಕಾರನ್ನು ಒಂದೇ ದಿನದಲ್ಲಿ ನಲವತ್ತು ಮೈಲಿ ಓಡಿಸದಿದ್ದರೆ ಎಂಜಿನ್ನಿನ ಒಳಗೆ ತುಕ್ಕು ಹಿಡಿಯುತ್ತದೆ. ಚಾಮರಾಜನಗರಕ್ಕೆ ಹೋಗಿ ಬರುವ ದಾರಿಯನ್ನು ಮೊದಲೇ ಲೆಕ್ಕ ಹಾಕಿದ್ದೆ. ಹೆಚ್ಚು ಹೇಳುವ ಅಗತ್ಯ ಬೀಳಲಿಲ್ಲ. ಹೇಗೂ ಓಡಿಸಬೇಕು, ಬೀಗರ ಮನೆಯ ಕಡೆಗೇ ಓಡಿಸಿದರಾಯಿತು ಎಂದು ಮಾವನೇ ಹೇಳಿದರು. ಹೀಗೆ ನಾನು, ಅತ್ತೆ, ಯಜಮಾನರು ಹದಿನೈದು ದಿನಕ್ಕೊಮ್ಮೆ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋಗತೊಡಗಿದೆವು. ಅಮ್ಮನ ಕೈಯಡುಗೆ ಉಂಡು, ರೈಲು ನೋಡಿ, ಸಂಜೆಯೊಳಗೆ ವಾಪಸು. ಗಾಳಿ ಮುಖಕ್ಕೆ ಬಡಿಯುವಾಗ ಮಾತ್ರ ನನ್ನ ಕಾಲು ಸುಮ್ಮನಿರುತ್ತಿತ್ತು.

ಎರಡನೇ ಸಲ ಹೋಗಿ ಬಂದ ಮೇಲೆ, ಇನ್ನೇನಾದರೂ ಸಾಲು ಹುಟ್ಟಿಸಬಹುದೇ ಎಂದು ಪುಸ್ತಕ ತಿರುವುತ್ತಿದ್ದೆ. ಎರಡು ಪುಟ ಅಂಟಿಕೊಂಡಿದ್ದವು. ಬಿಡಿಸಿದರೆ ಅಂಚಿನಲ್ಲಿ ದೊರೆಯ ಕೈಬರಹ, ಪೆನ್ಸಿಲಿನಲ್ಲಿ. ಹಿಂದಿನ ಸೀಟಿನ ಎಡಗಡೆಯ ತಳ ಉಪ್ಪು ತಿಂದು ತೆಳ್ಳಗಾಗಿದೆ, ಮೇಲಿನ ಚಾಪೆ ಎತ್ತಿ ನೋಡಿ, ಹೊಸ ತಗಡು ಹಾಕಿಸುವವರೆಗೆ ಅಲ್ಲಿ ಯಾರನ್ನೂ ಕೂರಿಸಬೇಡಿ ಎಂದು ಬರೆದಿದ್ದ. ಮಾರುವವನು ಕೊಳ್ಳುವವನಿಗೆ ಬರೆದಿಟ್ಟ ಪ್ರಾಮಾಣಿಕ ಮಾತು.

ಆಗಲೇ ಹೇಳಬೇಕಿತ್ತು. ಹೇಳಿದರೆ ತಗಡು ಹಾಕಿಸಲು ಕಾರು ಮೈಸೂರಿಗೆ ಹೋಗುತ್ತದೆ, ತಿಂಗಳುಗಟ್ಟಲೆ ಬರುವುದಿಲ್ಲ, ಮತ್ತೆ ನನಗೆ ಹಿತ್ತಿಲೇ ಗತಿ. ಇನ್ನೊಂದು ಸಲ ಹೋಗಿಬಂದು ಹೇಳಿದರಾಯಿತು ಅಂದುಕೊಂಡೆ. ಮೂರನೇ ಸಲ ಹೋಗುವಾಗ ಆ ಎಡಗಡೆಗೆ ನಾನೇ ಕೂತು, ಕಾಲನ್ನು ಮೇಲೆತ್ತಿ ಚಕ್ಕಳಮಕ್ಕಳ ಹಾಕಿಕೊಂಡೆ. ಜಾಣತನ ಎಂದರೆ ಇದೇ ಎಂದು ನನಗೆ ನಾನೇ ಶಹಭಾಸ್ ಹೇಳಿಕೊಂಡಿದ್ದೂ ನೆನಪಿದೆ.

ಆದರೆ ಆಮೇಲಿನ ದಿನಗಳಲ್ಲಿ ನಮ್ಮ ಕೆಂದಿ ಹಸು ನನ್ನ ಪ್ರಾಣ ತಿನ್ನತೊಡಗಿತು. ಬಿಟ್ಟ ತಕ್ಷಣ ನೇರ ಕಾರಿನ ಹತ್ತಿರ ಹೋಗಿ, ಎಡಗಡೆಯ ಹಿಂದಿನ ಬಾಗಿಲಿನ ಕೆಳಗೆ ನಾಲಿಗೆ ಚಾಚಿ ನೆಕ್ಕುವುದು. ಓಡಿಸಿದರೂ ಮತ್ತೆ ಅಲ್ಲಿಗೇ. ಒಂದು ದಿನ ಬ್ರೇಕು ನೋಡಲು ಬಂದಿದ್ದ ಕುಟ್ಟಿ ಮೇಸ್ತ್ರಿ ಅದನ್ನು ಕಂಡು ಬಗ್ಗಿ ನೋಡಿದ.

"ಹಸು ನೆಕ್ಕೋ ಜಾಗದಲ್ಲಿ ಉಪ್ಪುಂಟು ಅಪ್ಪಾಜಿ. ಒಳಗೆ ಚಾಪೆ ತೆಗೆದು ನೋಡ್ಬೇಕು" ಎಂದ.

ಮಾವ ಪಡಸಾಲೆಗೆ ಬಂದು, ಚಾಪೆ ಎತ್ತಬೇಕು ಅಂತ ಪುಸ್ತಕದಲ್ಲಿ ಇದೆಯೇ ಎಂದು ಕೇಳಿಸಿದರು. ಅತ್ತೆ ನನ್ನ ಕಡೆ ತಿರುಗಿದರು. ನಾನು ಬಾಗಿಲ ಮರೆಯಲ್ಲಿ ಆ ಪುಟದ ಮೇಲೇ ಬೆರಳಿಟ್ಟುಕೊಂಡು, ಇಲ್ಲ ಎಂದೆ. ಅಚ್ಚಾದ ಅಕ್ಷರದಲ್ಲಿ ಇರಲಿಲ್ಲ ನಿಜ. ಪೆನ್ಸಿಲಿನದು ಪುಸ್ತಕವಲ್ಲ ಎಂದು ನನ್ನೊಳಗೇ ವಕೀಲಿಕೆ ಮಾಡಿಕೊಂಡೆ. ಪುಸ್ತಕದಲ್ಲಿಲ್ಲದ ಮೇಲೆ ಬೇಡ ಬಿಡು ಎಂದು ಮಾವ ಮೇಸ್ತ್ರಿಯನ್ನು ಕಳಿಸಿದರು.

ನಾಲ್ಕನೇ ಸಲ ಹೊರಟದ್ದು ಪುಷ್ಯ ಮಾಸದ ಒಂದು ಬೆಳಿಗ್ಗೆ. ತೆರಕಣಾಂಬಿ ಇನ್ನೂ ಬಂದಿರಲಿಲ್ಲ. ಬಲಗಡೆ ಕೂತಿದ್ದ ಅತ್ತೆಯ ಮುಖಕ್ಕೆ ಬಿಸಿಲು ನೇರವಾಗಿ ಹೊಡೆಯುತ್ತಿತ್ತು. ಸೆರಗು ಅಡ್ಡ ಹಿಡಿದು ಸಾಕಾಗಿ, ಜಾಗ ಬದಲಿಸೋಣ ಎಂದರು. ನಾನು ಇಲ್ಲೇ ಇರುತ್ತೇನೆ ಎಂದೆ. ಯಾಕೆ ಎಂದರು. ಯಾಕೆ ಎಂಬುದಕ್ಕೆ ಇದ್ದ ಉತ್ತರ ಒಂದೇ. ಯಜಮಾನರು ಆಗಲೇ ಕಾರು ನಿಲ್ಲಿಸಿದ್ದರು. ನಾನು ಇಳಿದೆ. ಅತ್ತೆ ಎಡಗಡೆಗೆ ಸರಿದು ಕಾಲು ಚಾಚಿ ಕೂತರು. ಮುಂದಕ್ಕೆ ಹೊರಟೆವು. ಅವರ ಕಾಲನ್ನೇ ನೋಡುತ್ತಿದ್ದೆ. ಈಗ ಹೇಳುತ್ತೇನೆ, ಆ ಹೊಂಗೆಮರ ಬರಲಿ ಹೇಳುತ್ತೇನೆ, ಆ ಮೈಲಿಗಲ್ಲು ಬರಲಿ ಹೇಳುತ್ತೇನೆ. ಎರಡು ಮೈಲಿಗಲ್ಲು ದಾಟಿದವು.

ಒಂದು ಹಳ್ಳಕ್ಕೆ ಗಾಲಿ ಬಿತ್ತು. ಒಣಗಿದ ಹಪ್ಪಳ ಮುರಿದಂಥ ಸದ್ದು. ಅತ್ತೆಯ ಬಲಗಾಲು ಮೊಣಕಾಲಿನವರೆಗೆ ಮಾಯವಾಯಿತು. ಅವರು ಕೂಗಲೂ ಇಲ್ಲ; ನನ್ನ ತೋಳನ್ನು ಹಿಡಿದುಕೊಂಡರು, ಅಷ್ಟೆ. ಕೂಗಿದ್ದು ನಾನು. ಕಾರು ನಿಲ್ಲುವುದರೊಳಗೆ ಕಾಲು ಕಲ್ಲುರಸ್ತೆಯ ಮೇಲೆ ನಾಲ್ಕು ಮಾರು ಉಜ್ಜಿಕೊಂಡು ಬಂದಿತ್ತು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಹಿಮ್ಮಡಿ ಹೊಲಿದು, ಮುರಿದ ಕಣಕಾಲಿಗೆ ಪ್ಲಾಸ್ಟರ್ ಕಟ್ಟಿದರು. ಒಂದೂವರೆ ತಿಂಗಳು ಅಲುಗಾಡಿಸಬಾರದು ಎಂದರು ಡಾಕ್ಟರು. ಹಾಗಾಗಿ ಅತ್ತೆ ನನ್ನ ತವರಿನಲ್ಲೇ ಮಲಗಿದರು, ನೋಡಿಕೊಳ್ಳಲು ನಾನೂ ಉಳಿದೆ. ಬಯಸಿದ್ದು ನನಗೆ ಸಿಕ್ಕ ರೀತಿ ಇದು. ಕಿಟಕಿಯಾಚೆ ರೈಲು ದಿನವೂ ಕೂಗಿ ಬಂದು ಕೂಗಿ ಹೋಗುತ್ತಿತ್ತು. ನಾನು ಒಂದು ದಿನವೂ ಬೇಲಿಯ ಹತ್ತಿರ ಹೋಗಲಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಒಂದು ಚೊಂಬನ್ನು ಮೂರು ಸಲ ತೊಳೆಯುವುದು.

ನೋಡಲು ಬಂದ ಮಾವ ಹಾಸಿಗೆಯ ಪಕ್ಕ ಕೂತು ಅತ್ತೆಗೆ ಹೇಳುತ್ತಿದ್ದುದು ಒಳಮನೆಗೆ ಕೇಳಿಸಿತು. ಬಾವಿಯ ಹಗ್ಗ ಕಿತ್ತುಹೋದ ದಿನ ತಾವು ಕಾರಿನ ತಳ ತೊಳೆದಿರಲಿಲ್ಲವಂತೆ. ಆ ಒಂದು ದಿನದ ಉಪ್ಪೇ ಹೀಗೆ ಮಾಡಿತು, ಪುಸ್ತಕದಲ್ಲಿ ಅಷ್ಟು ಹೇಳಿದ್ದರೂ ಕೇಳದೆ ನಿನ್ನ ಕಾಲು ಮುರಿದೆ ಎಂದು ಅವರು ಕಣ್ಣೊರೆಸಿಕೊಂಡರು. ಅವರು ಅಳುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅದಾಗಿ ಎರಡು ದಿನಕ್ಕೆ, ಅತ್ತೆಯ ಹಿಂದೆ ಕೂತು ತಲೆ ಬಾಚುವಾಗ ಬಾಯಿಬಿಟ್ಟೆ. ಹಿಂದಿನಿಂದ ಹೇಳುವುದು ಸುಲಭ, ಮುಖ ಕಾಣುವುದಿಲ್ಲ. ಮೊದಲು ನಲವತ್ತು ಮೈಲಿಯ ಸುಳ್ಳು ಹೇಳಿದೆ. ಅತ್ತೆ ಹೆಗಲು ಕುಣಿಸಿ ನಕ್ಕರು. ತವರಿಗೆ ಬರಲು ಇಷ್ಟೆಲ್ಲ ಮಾಡಿದೆಯಾ ಕಳ್ಳಿ ಎಂದರು. ಆಮೇಲೆ ಪೆನ್ಸಿಲಿನ ಸಾಲು ಹೇಳಿದೆ. ನಗು ನಿಂತಿತು.

"ನಾನ್ ಆ ಕಡೀಕೆ ಬತ್ತೀನಿ ಅಂದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

ಅವರು ತಿರುಗಲಿಲ್ಲ. ಕೈಯನ್ನು ಹಿಂದಕ್ಕೆ ಚಾಚಿ ಬಾಚಣಿಗೆ ಇಸಿದುಕೊಂಡು, ತಮ್ಮ ಗಂಟನ್ನು ತಾವೇ ಕಟ್ಟಿಕೊಂಡರು. ನಾಲ್ಕು ದಿನ ನೀರು ಬೇಕಾದರೂ ಅಮ್ಮನನ್ನೇ ಕರೆಯುವರು. ಐದನೆಯ ದಿನ, ನಾನು ಗಂಜಿ ತಂದಿಟ್ಟು ಹೊರಡುವಾಗ ತಡೆದರು.

"ನಾಳೀಕೆ ನಿಮ್ಮಾವ ಬತ್ತರೆ. ನೀನೇ ಯೋಳ್ಬೇಕು ಕಣಮ್ಮಿ. ಬಾಗಿಲ ಮರೇಲಲ್ಲ, ಮುಂದ್ ನಿಂತ್ಕಂಡು."

ಮುಂದೆ ನಿಂತೆ. ಮದುವೆಯಾಗಿ ಒಂದೂವರೆ ವರ್ಷ ಒಂದೇ ಮನೆಯಲ್ಲಿದ್ದರೂ, ಮಾವನ ಎಡಗಣ್ಣಿಗೆ ಪೊರೆ ಬರುತ್ತಿರುವುದು ನನಗೆ ತಿಳಿದದ್ದು ಆ ದಿನ. ಎಲ್ಲ ಹೇಳಿದೆ. ಕಾರಿನಲ್ಲೇ ಇಟ್ಟಿದ್ದ ಪುಸ್ತಕವನ್ನು ನಾನು ತವರಿಗೆ ತಂದುಕೊಂಡಿದ್ದೆ. ಅವರು ಅದನ್ನು ತರಲು ಹೇಳಿ, ಪೆನ್ಸಿಲಿನ ಸಾಲನ್ನು ಮೊದಲು ದೊರೆಯ ಭಾಷೆಯಲ್ಲಿ, ಆಮೇಲೆ ನಮ್ಮ ಭಾಷೆಯಲ್ಲಿ ಓದಿಸಿದರು. ಇನ್ನೊಂದು ಸಲ ಓದಿಸಿದರು. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಓದಕ್ ಬರೋರು ಯೋಳಿದ್ದ ನಂಬದೆ, ನಾವು ಇನ್ಯಾರ್ನ ನಂಬನ ಯೋಳಮ್ಮ?"

ಅಷ್ಟೇ. ಪೇಟ ಸುತ್ತಿಕೊಂಡು ಬಸ್ಸಿಗೆ ನಡೆದುಬಿಟ್ಟರು.

ಕಾರು ಕುಟ್ಟಿ ಮೇಸ್ತ್ರಿಯ ಶೆಡ್ಡು ಸೇರಿತು. ಅವನು ತಳ ಕೆರೆದಾಗ ಹೊಂಗೆ ಮಣ್ಣಿನ ಹೆಂಟೆಯ ಜೊತೆ ಕಬ್ಬಿಣವೂ ಉದುರಿ ಬಂತಂತೆ. ಮೊದಲೇ ಇದ್ದ ತುಕ್ಕನ್ನು ಕೆರೆಯದೆ ಮೇಲೆ ಎಣ್ಣೆ ಹಚ್ಚಿದರೆ ತುಕ್ಕು ಒಳಗೇ ಬೆಳೆಯುತ್ತದೆ ಎಂದು ಅವನು ವಿವರಿಸಿದನೆಂದು ಯಜಮಾನರು ಬಂದು ಹೇಳಿದರು. ತಗಡಿನ ಸಹವಾಸವೇ ಬೇಡವೆಂದು ಲಾರಿಗೆ ಹಾಕುವ ಹಾಗೆ ಹಲಸಿನ ಹಲಗೆ ಹಾಸಿದ. ಆ ಹಲಗೆಯ ಮೇಲೆ ಕಾರು ಇನ್ನೂ ಎಷ್ಟೋ ವರ್ಷ ಓಡಿತು.

ಇತ್ತ ಮಾವ ಹೋದ ಮರುದಿನ ಅತ್ತೆ, ಗೂಡಿನಲ್ಲಿದ್ದ ನಮ್ಮಪ್ಪನ ಸ್ಲೇಟನ್ನು ತೋರಿಸಿ, ಅದನ್ನು ತಾ ಎಂದರು. ಅವರಿಗೆ ಆಗ ಐವತ್ತರ ಹತ್ತಿರ. ಅಕ್ಷರದ ಗಂಧವಿರಲಿಲ್ಲ.

"ನಂಗೂ ಕಲಿಸು. ಇನ್ಮ್ಯಾಲೆ ನೀನ್ ಓದಿದ್ದು ದಿಟವಾ ಸುಳ್ಳಾ ಅಂತ ನಾನೇ ನೋಡ್ಕತೀನಿ."

ತಮಾಷೆಗೆ ಹೇಳಿದ್ದಲ್ಲ. ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ, ಪ್ಲಾಸ್ಟರ್ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ತಿದ್ದುತ್ತಿದ್ದರು. ಒತ್ತಕ್ಷರ ಬಂದಾಗ ಕೋಪ ಬರುತ್ತಿತ್ತು. ಅಕ್ಷರದ ಕಾಲಡಿ ಇನ್ನೊಂದು ಅಕ್ಷರ ಯಾಕೆ ಎಂದು ಜಗಳವಾಡುವರು. ಆ ಒಂದು ತಿಂಗಳು, ಎಷ್ಟೋ ದಿನಗಳ ಮೇಲೆ, ನಾನು ಒಂದೇ ಕಡೆ ಕೂತಿರುವುದನ್ನು ಅಮ್ಮ ಕಂಡಳಂತೆ.

ಪ್ಲಾಸ್ಟರ್ ತೆಗೆದ ವಾರಕ್ಕೆ ನಮ್ಮನ್ನು ಕರೆದೊಯ್ಯಲು ಯಜಮಾನರು ಬಂದರು. ಬಸ್ ನಿಲ್ದಾಣದಲ್ಲಿ ಅವರು ಗಂಟುಮೂಟೆ ಮೇಲೆ ಹಾಕಿಸುತ್ತಿದ್ದಾಗ ಅತ್ತೆ ಕೋಲೂರಿಕೊಂಡು ಬಸ್ಸಿನ ಮುಂದೆ ಹೋಗಿ ನಿಂತರು. ಹಣೆಯ ಬೋರ್ಡಿನತ್ತ ತಲೆಯೆತ್ತಿ ಒಂದೊಂದೇ ಅಕ್ಷರ ಕೂಡಿಸಿದರು. ಗುಂ. ಡ್ಲು. ಪೇ. ಟೆ. ಆಮೇಲೆ ನನ್ನತ್ತ ತಿರುಗಿ, ಸರಿಯಾ ಎಂದರು. ಸರಿ ಅತ್ತೆ, ಗುಂಡ್ಲುಪೇಟೆಯೇ ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರನ್ನು ಕರೆದು, ಇದು ಗುಂಡ್ಲುಪೇಟೆಗೆ ಹೋಗುತ್ತದೆಯೇ ಎಂದು ಕೇಳಿದರು. ಹೋಗುತ್ತದಮ್ಮ, ಹತ್ತಿ ಎಂದ ಅವನು. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು, ನನ್ನ ಹೆಗಲ ಮೇಲೆ ಮೈಭಾರವನ್ನೆಲ್ಲ ಊರಿ, ಮೆಟ್ಟಿಲ ಮೇಲೆ ಕಾಲಿಟ್ಟರು.